ಮುಳ್ಳು ಬಿದ್ದಿದೆ

ಒಂದು ಬಿಳಿ ಇಲಿಗೆ ಅದನ್ನು ಸಾಕುವವನ ಎರಡು ದಿನದ ಸಂಬಳ. ಅವನ ಮುಖಗವಸಿಗೆ ಒಂದು ಲೋಟ ಚಹಾದ ದುಡ್ಡು. ಕೋಣೆಯ ಗಾಳಿ ಸೋಸುವ ಫಿಲ್ಟರಿಗೆ ಹದಿನಾಲ್ಕು ವರ್ಷದ ಸಂಬಳ. ಹೊರದೇಶದ ಹಣದಲ್ಲಿ ಎದ್ದ ಆ ಲ್ಯಾಬಿನ ಒಟ್ಟು ಖರ್ಚನ್ನು ಅವನ ಸಂಬಳದಲ್ಲಿ ಅಳೆಯಬೇಕೆಂದರೆ ಅವನು ಏಳು ಜನ್ಮ ಎತ್ತಿ ಬರಬೇಕು.

ಈ ಜನ್ಮವೇ ಅವನಿಗೆ ಪೂರ್ತಿ ಸಿಗಲಿಲ್ಲ. ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡ. ವಯಸ್ಸು ಮೂವತ್ತೆಂಟು. ಲ್ಯಾಬಿನವರು ಅವನನ್ನು ಇಲಿರಾಯ ಎಂದು ಕರೆಯುತ್ತಿದ್ದರು. ಸತ್ತ ಮೇಲೆ ಬಂದ ರಕ್ತಪರೀಕ್ಷೆಯಲ್ಲಿ ಸಿಕ್ಕಿದ್ದು ಅವನು ಸಾಕುತ್ತಿದ್ದ ಇಲಿಗಳಿಗೆ ಚುಚ್ಚಿದ್ದ ಜ್ವರದ ರೋಗಾಣುವೇ.

ಎರಡೇ ದಿನದಲ್ಲಿ ಲ್ಯಾಬಿನ ವರದಿ ಸಿದ್ಧವಾಯಿತು. ಗಾಳಿಯ ಒತ್ತಡ ಸರಿಯಾಗಿತ್ತು. ಯಂತ್ರಗಳು ಸರಿಯಾಗಿದ್ದವು. ನೌಕರ ಮುಖಗವಸು ಹಾಕದೆ ಒಳಗೆ ಹೋಗಿದ್ದಾನೆ, ತಪ್ಪು ಅವನದೇ. ಆದ್ದರಿಂದ ಪರಿಹಾರವಿಲ್ಲ. ತಿಂಗಳೊಳಗೆ ಕ್ವಾರ್ಟರ್ಸ್ ಖಾಲಿ ಮಾಡಬೇಕು.

ಸತ್ತವನ ತಲೆಗೆ ಕಟ್ಟುವುದು ಸುಲಭ. ಅವನು ಎದ್ದು ಬಂದು ಜವಾಬು ಕೊಡುವುದಿಲ್ಲ. ಜವಾಬು ಕೇಳಲು ಬಂದವಳು ಅವನ ಹೆಂಡತಿ. ಠಾಣೆಯ ಬೆಂಚಿನ ತುದಿಯಲ್ಲಿ ಕೂತಳು.

“ಸ್ನಾನ ಮಾಡ್ದೆ ಮಗಳನ್ನ ಮುಟ್ತಿರ್ಲಿಲ್ಲ ಮೇಡಂ. ಅಂಥವರು ಮುಖಗವಸು ಬಿಡ್ತಾರಾ?”

ಇನ್‌ಸ್ಪೆಕ್ಟರಮ್ಮ ವರದಿಯ ಕೊನೆಯ ಸಹಿ ನೋಡಿದರು. ಸುರಕ್ಷತಾ ಅಧಿಕಾರಿ ಯಾರು ಎಂದು ಕೇಳಿದರು.

“ನಮ್ಮಣ್ಣ. ಇವರಿಗೆ ಕೆಲಸ ಕೊಡಿಸಿದ್ದೂ ಅವನೇ. ಅವನೇನು ಮಾಡ್ತಾನೆ ಪಾಪ, ಮೇಲಿನವರು ಹೇಳಿದ್ದಕ್ಕೆ ಸಹಿ ಹಾಕಿದಾನೆ.”

\* \* \*

ಲ್ಯಾಬಿನ ಗೇಟಿನಲ್ಲಿ ಜನ ಸೇರಿದ್ದರು. ಹೊರದೇಶದವರು ನಮ್ಮ ಮೇಲೆ ರೋಗ ಪರೀಕ್ಷೆ ಮಾಡುತ್ತಿದ್ದಾರೆ ಎಂದು ಒಬ್ಬ ಗಟ್ಟಿಯಾಗಿ ಹೇಳುತ್ತಿದ್ದ. ಇನ್‌ಸ್ಪೆಕ್ಟರ್ ಅದನ್ನು ತಳ್ಳಿಹಾಕಲಿಲ್ಲ. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಗುಂಪಿನ ಮಾತು ನಿಜವಾದದ್ದನ್ನೂ ನೋಡಿದ್ದರು.

ಲ್ಯಾಬಿನ ನಿರ್ದೇಶಕರು ಅವರನ್ನು ತಂಪು ಕೋಣೆಯಲ್ಲಿ ಕೂರಿಸಿದರು. ಸುರಕ್ಷತೆಯ ಕಾಗದಕ್ಕೆಲ್ಲ ತಾವು ಸಹಿ ಮಾಡಿದ್ದು ನಿಜ, ಓದಿದ್ದು ಕಡಿಮೆ ಎಂದರು. ಹಣ ಕೊಡುವ ಸಂಸ್ಥೆಯ ವಿಜ್ಞಾನಿಯನ್ನು ಕಂಪ್ಯೂಟರಿನ ಪರದೆಯ ಮೇಲೆ ಕರೆಸಿದರು. ಬಿಳಿ ಗಡ್ಡದ ಮನುಷ್ಯ, ಕಣ್ಣು ಕೆಂಪಾಗಿತ್ತು. ಹೊಸ ಫಿಲ್ಟರಿಗೆ ಐದು ತಿಂಗಳ ಹಿಂದೆಯೇ ಹಣ ಕಳಿಸಿದ್ದಾಗಿ ಹೇಳಿ ರಸೀದಿ ತೋರಿಸಿದ. ತಿಂಗಳು ತಿಂಗಳೂ ನಮ್ಮ ದೇಶದ ಅಳತೆಯಲ್ಲೇ ಒತ್ತಡದ ಲೆಕ್ಕ ಬರುತ್ತಿತ್ತು, ಒಂದು ದಿನವೂ ತಪ್ಪಿರಲಿಲ್ಲ, ಅದನ್ನು ನಂಬಿ ಕೂತೆ ಎಂದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಬೇಡ ಎಂದು ಇನ್‌ಸ್ಪೆಕ್ಟರ್ ಮನಸ್ಸಿನಲ್ಲೇ ಅಂದುಕೊಂಡರು.

ಆಸ್ಪತ್ರೆಯ ವೈದ್ಯೆ ಇನ್ನೊಂದು ವಿಷಯ ಹೇಳಿದಳು. ಇಲಿರಾಯ ದಾಖಲಾದ ದಿನವೇ ಅವಳು ಲ್ಯಾಬಿಗೆ ಫೋನ್ ಮಾಡಿದ್ದಳು. ಅಲ್ಲಿ ಏನಾದರೂ ಸೋರಿಕೆ ಆಗಿದೆಯೇ ಎಂದು ಕೇಳಿದ್ದಳು. ಇಲ್ಲ, ಎಲ್ಲ ಸರಿಯಿದೆ ಎಂದು ಸುರಕ್ಷತಾ ಅಧಿಕಾರಿ ಉತ್ತರಿಸಿದ್ದರು. ಹಾಗಾಗಿ ಸಾಮಾನ್ಯ ಜ್ವರದ ಔಷಧಿಯೇ ನಡೆಯಿತು.

\* \* \*

ಕ್ವಾರ್ಟರ್ಸಿನಲ್ಲಿ ಒಂದೇ ಕೋಣೆ, ಒಂದು ಅಡುಗೆಮೂಲೆ. ಅರ್ಧ ಸಾಮಾನು ಆಗಲೇ ಗಂಟು ಕಟ್ಟಿತ್ತು. ಅಣ್ಣನೂ ಅಲ್ಲೇ ಇದ್ದ. ಪಾತ್ರೆಗಳನ್ನು ಹಳೇ ಪೇಪರಿನಲ್ಲಿ ಸುತ್ತುತ್ತಿದ್ದ. ಐದು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಎಂದು ತಂಗಿ ಅವನನ್ನೇ ಬೈದಳು.

ಗಂಡ ಕೊನೆಗೆ ಏನಾದರೂ ಚಿಂತೆಯಲ್ಲಿದ್ದನೇ ಎಂದು ಇನ್‌ಸ್ಪೆಕ್ಟರ್ ವಿಚಾರಿಸಿದರು.

“ಒಂದು ತಿಂಗಳಿಂದ ಒಂದೇ ಮಾತು ಮೇಡಂ. ಮುಳ್ಳು ಬಿದ್ದಿದೆ, ಮುಳ್ಳು ಏಳ್ತಾನೇ ಇಲ್ಲ ಅಂತ. ನಾನು ಗೋಡೆ ಗಡಿಯಾರಕ್ಕೆ ಹೊಸ ಸೆಲ್ ಹಾಕ್ದೆ. ನೋಡಿ ನಕ್ಕರು. ಈ ಮುಳ್ಳಲ್ಲ ಕಣೇ, ಅಂದರು. ಅಷ್ಟರಲ್ಲಿ ಹಾಲು ಉಕ್ತು, ಎದ್ದೋದೆ. ಯಾವ ಮುಳ್ಳು ಅಂತ ಕೇಳ್ಲೇ ಇಲ್ಲ.”

ಪೇಪರಿನ ಸದ್ದು ನಿಂತಿತು. ಅಣ್ಣನ ಕೈ ಲೋಟದ ಮೇಲೆ ಹಾಗೇ ಇತ್ತು.

ಇನ್‌ಸ್ಪೆಕ್ಟರ್ ಇಬ್ಬರನ್ನೂ ಜೀಪಿಗೆ ಹತ್ತಿಸಿಕೊಂಡರು.

\* \* \*

ಇಲಿಕೋಣೆಗೆ ಬೀಗಮುದ್ರೆ ಹಾಕಿತ್ತು. ಹೊರಗಿನ ಕಾರಿಡಾರಿನ ಗೋಡೆಯಲ್ಲಿ, ಕಣ್ಣಿನ ಎತ್ತರಕ್ಕೆ, ತಟ್ಟೆಯಷ್ಟು ಅಗಲದ ಒತ್ತಡದ ಮಾಪಕ. ಸೊನ್ನೆಯಿಂದ ಅರವತ್ತರ ತನಕ ಗೆರೆಗಳು, ನಡುವೆ ಒಂದು ಕೆಂಪು ಮುಳ್ಳು. ಅದು ಮೂವತ್ತರಲ್ಲಿ ನಿಂತಿದ್ದರೆ ಕೋಣೆ ಗಾಳಿಯನ್ನು ಒಳಕ್ಕೇ ಎಳೆಯುತ್ತಿದೆ ಎಂದರ್ಥ. ಬಿದ್ದರೆ ಒಳಗಿನ ಗಾಳಿ ಬಾಗಿಲ ಸಂದಿಯಿಂದ ಹೊರಕೋಣೆಗೆ ಬರುತ್ತದೆ. ದಿನಕ್ಕೆ ಎರಡು ಸಲ ಮುಳ್ಳು ನೋಡಿ ಫೈಲಿನ ಹಾಳೆಯಲ್ಲಿ ಅಂಕಿ ಬರೆಯುವುದು ಇಲಿರಾಯನ ಕೆಲಸವಾಗಿತ್ತು.

ಇನ್‌ಸ್ಪೆಕ್ಟರ್ ಫೈಲು ತೆರೆದರು. ಹಳೆಯ ಹಾಳೆಗಳಲ್ಲಿ ಮೂವತ್ತು, ಇಪ್ಪತ್ತೊಂಬತ್ತು, ಮೂವತ್ತೊಂದು. ಕೊನೆಯ ನಲವತ್ತು ದಿನಗಳ ಹಾಳೆಗಳಲ್ಲಿ ಸೊನ್ನೆ ಬಿಂದು ಒಂದು ಎರಡು, ಸೊನ್ನೆ ಬಿಂದು ಒಂದು ಎರಡು.

“ಈ ಮಾಪಕದಲ್ಲಿ ಸೊನ್ನೆ ಬಿಂದು ಒಂದು ಎರಡು ಎಲ್ಲಿದೆ, ತೋರಿಸಿ.”

ಅಣ್ಣ ಗೆರೆಗಳ ಮೇಲೆ ಬೆರಳಾಡಿಸಿ ಕೈ ಇಳಿಸಿದ.

ಇನ್‌ಸ್ಪೆಕ್ಟರೇ ವಿವರಿಸಿದರು. ಹಣ ಕೊಡುವವರ ದೇಶದಲ್ಲಿ ಅಳತೆಯೇ ಬೇರೆ. ಇಲ್ಲಿನ ಮೂವತ್ತು ಅಲ್ಲಿ ಸೊನ್ನೆ ಬಿಂದು ಒಂದು ಎರಡು. ಹಾಗೆ ಬದಲಾಯಿಸಿ ತಿಂಗಳ ಲೆಕ್ಕ ಕಳಿಸುವುದು ಈ ಕಟ್ಟಡದಲ್ಲಿ ಸುರಕ್ಷತಾ ಅಧಿಕಾರಿ ಒಬ್ಬರೇ. ಇಲಿರಾಯ ಮುಳ್ಳು ನೋಡಿ ಬರೆಯುತ್ತಿದ್ದ. ಈ ಹಾಳೆಗಳನ್ನು ಬರೆದವರು ಮುಳ್ಳು ನೋಡಿಯೇ ಇಲ್ಲ, ಮೇಜಿನ ಮುಂದೆ ಕೂತು ಕೈ ರೂಢಿಯಂತೆ ಬರೆದಿದ್ದಾರೆ.

“ಅವನ ಹಾಳೆಯಲ್ಲಿ ಏನಿತ್ತು?”

“ಇಪ್ಪತ್ತು. ಆಮೇಲೆ ಒಂಬತ್ತು. ಕೊನೆಗೆ ನಾಲ್ಕು,” ಎಂದ ಅಣ್ಣ. “ಮೂರು ತಿಂಗಳಿಂದ ಸಂಬಳ ಬಂದಿರ್ಲಿಲ್ಲ ಮೇಡಂ. ನನ್ನ ಕೈಗೆ ಬಂದಿದ್ದ ಫಿಲ್ಟರ್ ದುಡ್ಡಲ್ಲಿ ನಲವತ್ತು ಜನಕ್ಕೆ ಸಂಬಳ ಕೊಟ್ಟೆ. ಇವನಿಗೂ ಕೊಟ್ಟೆ. ನಿಜ ಬರೆದ್ರೆ ಕೋಣೆ ಮುಚ್ಚಿಸ್ತಿದ್ರು, ಮುಂದಿನ ಕಂತು ನಿಲ್ತಿತ್ತು. ಒಂದು ಕಾಸೂ ನಾನು ಮುಟ್ಟಿಲ್ಲ.”

“ದುಡ್ಡಿನ ಮಾತು ನಂಬ್ತೀನಿ. ಹಾಳೆ ಬದಲಾಯಿಸಿದ್ದು ಅವನು ಸತ್ತ ಮೇಲೋ, ಮೊದಲೋ?”

ಅಣ್ಣ ತಂಗಿಯ ಕಡೆ ನೋಡಲಿಲ್ಲ.

“ಆಸ್ಪತ್ರೆಯಿಂದ ಫೋನ್ ಬಂದ ದಿನ.”

ಆ ಜ್ವರಕ್ಕೆ ಔಷಧಿ ಇತ್ತು. ಮೊದಲ ಮೂರು ದಿನದೊಳಗೆ ಕೊಟ್ಟರೆ ಹೆಚ್ಚಿನವರು ಬದುಕುತ್ತಾರೆ. ಲ್ಯಾಬಿನ ಫ್ರಿಜ್ಜಿನಲ್ಲೇ ಇಟ್ಟಿತ್ತು. ಸೋರಿಕೆ ಆಗಿದೆ ಎಂಬ ಒಂದು ಮಾತು ಸಾಕಿತ್ತು. ಇಲಿರಾಯ ಮುಖಗವಸು ಹಾಕಿಕೊಂಡೇ ಕೆಲಸ ಮಾಡಿದ್ದ. ನಿಯಮದಲ್ಲಿ ಹೇಳಿದಂತೆ ಹೊರಕೋಣೆಗೆ ಬಂದು ತೆಗೆದಿದ್ದ. ಗಾಳಿ ಅವನಿಗಿಂತ ಮೊದಲೇ ಅಲ್ಲಿಗೆ ಬಂದಿತ್ತು.

“ಬರೀ ಜ್ವರ, ಗಟ್ಟಿ ಆಳು, ಎದ್ದು ಬರ್ತಾನೆ ಅಂದ್ಕೊಂಡೆ ಪುಟ್ಟಿ,” ಎಂದ ಅಣ್ಣ.

ತಂಗಿ ಫೈಲಿನ ಹಾಳೆಗಳನ್ನು ನೋಡಿದಳು.

“ತಪ್ಪೂ ಅವರದೇ ಅಂತ ಬರೆದ್ಯಲ್ಲ ಅಣ್ಣ.”

ಕಾರಿಡಾರಿನ ಆ ತುದಿಗೆ ಹೋಗಿ ಗೋಡೆಗೆ ಒರಗಿ ನಿಂತಳು.

\* \* \*

ತಂಗಿಗೆ ಪರಿಹಾರ ಸಿಕ್ಕಿತು, ಗಂಡನ ಹತ್ತು ವರ್ಷದ ಸಂಬಳದಷ್ಟು. ವರದಿಯಲ್ಲಿ ಅವನ ಹೆಸರಿನ ಮುಂದಿದ್ದ ತಪ್ಪು ಅಳಿಸಿಹೋಯಿತು. ಅಣ್ಣನಿಗೆ ಏಳು ವರ್ಷ ಜೈಲಾಯಿತು. ತಂಗಿ ಒಮ್ಮೆಯೂ ನೋಡಲು ಹೋಗಲಿಲ್ಲ. ನಿರ್ದೇಶಕರು ಪಿಂಚಣಿ ಸಮೇತ ನಿವೃತ್ತರಾದರು. ಹೊರದೇಶದ ಹಣ ನಿಂತಿತು, ನಲವತ್ತು ಜನ ಕೆಲಸ ಕಳೆದುಕೊಂಡರು. ಇಲಿಗಳನ್ನೆಲ್ಲ ಕೊಂದು ಸುಟ್ಟರು. ಅಲ್ಲಿ ಹುಡುಕುತ್ತಿದ್ದದ್ದು ಆ ಜ್ವರಕ್ಕೆ ಲಸಿಕೆ. ಅದು ಸಿಗಲಿಲ್ಲ.