ಅವಳನ್ನು ರೈಲು ಹತ್ತಿಸುವವನು

"ನಿಲ್ಸಿ! ದಯವಿಟ್ಟು ನಿಲ್ಸಿ...!"

ಅವಳ ಕೂಗು ರೈಲಿನ ಸದ್ದಿನಲ್ಲಿ ಮುಳುಗಿಹೋಯಿತು. ಕೈ ಚಾಚಿದರೆ ಸಿಗುವಷ್ಟು ಹತ್ತಿರವಿದ್ದ ಬಾಗಿಲು ಕಣ್ಣೆದುರೇ ಜಾರತೊಡಗಿತು. ಒಳಗಿದ್ದವರು ಕಿಟಕಿಯಿಂದ ಅವಳನ್ನೇ ನೋಡುತ್ತಾ ನೋಡುತ್ತಾ ದೂರವಾದರು.

ಅವಳದು ಬ್ಯಾಟರಿಯ ಗಾಲಿಕುರ್ಚಿ. ನಾಲ್ಕು ಜನ ಸೇರಿ ಎತ್ತಿದರೂ ಅಲುಗದಷ್ಟು ಭಾರ. ರ‍್ಯಾಂಪ್ ಇಲ್ಲದೆ ಬೋಗಿಯ ಆ ಎರಡು ಮೆಟ್ಟಿಲೂ ಅವಳ ಪಾಲಿಗೆ ಬೆಟ್ಟ.

ಕೊನೆಯ ಬೋಗಿ ದಾಟಿದ ಮೇಲೆ ಪ್ಲಾಟ್‌ಫಾರ್ಮಿನ ತುದಿಯಿಂದ ಒಬ್ಬ ಕಬ್ಬಿಣದ ರ‍್ಯಾಂಪ್ ತಳ್ಳಿಕೊಂಡು ಓಡಿ ಬಂದ. ಸ್ಟೇಷನ್ನಿನ ಸಹಾಯ ಕೇಂದ್ರದವನು. ಏದುಸಿರು ಬಿಡುತ್ತಿದ್ದ.

"ಕ್ಷಮಿಸಿ ಮೇಡಂ... ರೈಲು ಆಚೆ ಪ್ಲಾಟ್‌ಫಾರ್ಮಿಗೆ ಬರುತ್ತೆ ಅಂತ ರ‍್ಯಾಂಪ್ ಅಲ್ಲಿಟ್ಟಿದ್ದೆ. ಕೊನೇ ಗಳಿಗೇಲಿ ಈ ಕಡೆ ಬಂದುಬಿಡ್ತು. ಲಿಫ್ಟ್ ಕೆಟ್ಟಿತ್ತು, ಸುತ್ತು ಹಾಕ್ಕೊಂಡು ಬರೋಷ್ಟರಲ್ಲಿ..."

"ನಿನ್ನೆನೇ ಫೋನ್ ಮಾಡಿ ಹೇಳಿದ್ನಲ್ಲ! ನಮ್ಮಕ್ಕ ಆಸ್ಪತ್ರೆಲಿದಾಳೆ ಅಂತ ಹೇಳಿದ್ನಲ್ಲ!"

"ಟ್ಯಾಕ್ಸಿ ಏನಾದ್ರೂ ನೋಡ್ಲಾ?"

"ಈ ಕುರ್ಚಿ ಹಿಡಿಸೋ ಟ್ಯಾಕ್ಸಿ ಈ ಊರಲ್ಲಿದ್ಯಾ? ಇದ್ರೆ ತೋರಿಸಿ, ನೋಡೋಣ!"

ಅವನು ತಲೆ ತಗ್ಗಿಸಿದ. ಮುಂದಿನ ರೈಲಿಗೆ ಮರುದಿನ ಬೆಳಗಿನವರೆಗೆ ಕಾಯಬೇಕಿತ್ತು.

ಅಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ಅಕ್ಕ!

"ಗುಬ್ಬೀ... ರೈಲು ಹತ್ತಿದ್ಯಾ?" ಎಷ್ಟು ಕ್ಷೀಣ ದನಿ!

ಗುಬ್ಬಿ ಅಂತ ಅವಳನ್ನು ಕರೆಯುತ್ತಿದ್ದವಳು ಈ ಲೋಕದಲ್ಲಿ ಅಕ್ಕ ಒಬ್ಬಳೇ. ಚಿಕ್ಕಂದಿನಲ್ಲಿ ನಡೆಯಲಾರದ ತಂಗಿಯನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಕರೆದೊಯ್ದ ಅಕ್ಕ. "ನಮ್ಮ ಗುಬ್ಬಿ ಟೀಚರಾಗ್ತಾಳೆ ನೋಡ್ತಿರಿ" ಅಂತ ಬೀದಿಗೆಲ್ಲ ಸಾರಿದ ಅಕ್ಕ. ಗುಬ್ಬಿ ನಿಜಕ್ಕೂ ಗಣಿತದ ಟೀಚರಾದಾಗ ಗುಬ್ಬಿಗಿಂತ ಹೆಚ್ಚು ಅತ್ತವಳೂ ಅಕ್ಕನೇ.

ಎದುರಿಗೆ ಖಾಲಿ ಹಳಿ. ಅವಳು ಕಣ್ಣು ಮುಚ್ಚಿಕೊಂಡಳು.

"ಹತ್ತಿದೀನಿ ಅಕ್ಕ. ಕಿಟಕಿ ಪಕ್ಕ ಸೀಟು ಸಿಕ್ಕಿದೆ. ಬರ್ತಿದೀನಿ... ನೀನು ಕಣ್ಣು ಮುಚ್ಚಿ ಮಲಗು."

ಅಕ್ಕ ಮಲಗಿದಳು. ಮತ್ತೆ ಏಳಲಿಲ್ಲ.

ಮರುದಿನ ಅವಳು ಹೋಗಿ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆ ಮಾತು ಸುಳ್ಳೆಂದು ತಿಳಿದಿದ್ದವನು ಒಬ್ಬನೇ. ರ‍್ಯಾಂಪ್ ಹಿಡಿದು ಪಕ್ಕದಲ್ಲಿ ನಿಂತಿದ್ದ ಅವನು.

*

ಅವನ ಮುಖ ಮತ್ತೆಂದೂ ನೋಡಬಾರದು ಅಂದುಕೊಂಡಿದ್ದಳು. ಆದರೆ ಅಕ್ಕನ ಮಗಳು ಚಿನ್ನು ಆ ಊರಲ್ಲಿದ್ದಳಲ್ಲ! ಅವಳನ್ನು ನೋಡಲು ಹೋಗಬೇಕು, ಹೋಗಬೇಕೆಂದರೆ ರೈಲು ಬೇಕು, ರೈಲು ಹತ್ತಬೇಕೆಂದರೆ ಅದೇ ಸಹಾಯ ಕೇಂದ್ರಕ್ಕೆ ಫೋನ್ ಮಾಡಬೇಕು.

"ನಾನ್ಯಾರು ಗೊತ್ತಾಯ್ತಾ?"

"ಗೊತ್ತಾಯ್ತು ಮೇಡಂ."

ಆಮೇಲೆ ಅವನು ಒಂದೊಂದಾಗಿ ಕೇಳಿದ. ಕುರ್ಚಿ ಎಷ್ಟು ಅಗಲ? ಯಾವ ಕಡೆಯಿಂದ ಸೀಟಿಗೆ ಜರುಗೋದು ಸುಲಭ? ಶೌಚಾಲಯದ ಬಾಗಿಲು ಹಿಡಿಸತ್ತಾ, ಇಲ್ಲ ಬೇರೆ ರೈಲು ನೋಡ್ಲಾ? ಇಳಿಯೋ ಊರಲ್ಲಿ ಯಾರು ರ‍್ಯಾಂಪ್ ತರ್ತಾರೆ ಅಂತ ಅವರ ಹೆಸರು ಕೇಳಿಟ್ಕೊಳ್ಳಲಾ?

ಅವಳಿಗೆ ಆಶ್ಚರ್ಯವಾಯಿತು. ಇಷ್ಟು ವರ್ಷ ಜನ ಅವಳ ಬಗ್ಗೆ ಪಕ್ಕದಲ್ಲಿದ್ದವರನ್ನು ಕೇಳುತ್ತಿದ್ದರು. ಇವನು ಅವಳನ್ನೇ ಕೇಳುತ್ತಿದ್ದ.

ಆ ಪ್ರಯಾಣ ಹೂವೆತ್ತಿದಂತೆ ಸಾಗಿತು. ಅದರ ಮುಂದಿನದೂ...

ತಿಂಗಳಿಗೊಮ್ಮೆ ಫೋನು. ಮೊದಮೊದಲು ಬರೀ ಕೆಲಸದ ಮಾತು. ಒಂದು ಸಲ ಅವಳೇ ತಡೆಯಲಾರದೆ, "ನನ್ನ ಕುರ್ಚಿ ಬಗ್ಗೆ ನನಗಿಂತ ನಿಮಗೇ ಚೆನ್ನಾಗಿ ಗೊತ್ತಲ್ಲ, ಇಟ್ಕೊಂಡುಬಿಡಿ" ಅಂದಳು.

"ಕೊಟ್ರೆ ಇಟ್ಕೋತೀನಿ. ನೀವು ಏನು ಮಾಡ್ತೀರಿ?"

"ನಿಮ್ಮ ಹೆಗಲೇರಿ ಕೂರ್ತೀನಿ!"

ನಗುತ್ತಾ ಹಾಗೆ ಅಂದ ಕ್ಷಣವೇ ನಾಲಗೆ ಕಚ್ಚಿಕೊಂಡಳು. *ಅಯ್ಯೋ... ಅಕ್ಕ ಹೋಗಿ ವರ್ಷ ಕಳೆದಿಲ್ಲ, ನಾನು ನಗ್ತಿದೀನಾ? ಅದೂ ಇವನ ಜೊತೆ?*

ಆ ನಗುವಿಗಾಗಿ ಅವಳು ಒಬ್ಬಳೇ ಕೂತು ಅತ್ತಳು.

*

ಒಂದು ದಿನ ಭಾವ ಫೋನ್ ಮಾಡಿದರು. "ನೀನು ಹೊರಟಾಗಲೆಲ್ಲ ಚಿನ್ನು ಎರಡು ದಿನ ಊಟ ಬಿಡ್ತಾಳಮ್ಮ. ನನ್ನೊಬ್ಬನ ಕೈಲಿ ಆಗ್ತಿಲ್ಲ."

ಅವಳು ಹೆಚ್ಚು ಯೋಚಿಸಲಿಲ್ಲ. ಆ ಊರಿನ ಶಾಲೆಗೆ ವರ್ಗ ಮಾಡಿಸಿಕೊಂಡಳು. ಕಷ್ಟವಾದದ್ದು ಅವನಿಗೆ ಹೇಳುವುದು.

"ಈ ಸಲ ಹೋಗೋಕೆ ಮಾತ್ರ ಟಿಕೆಟ್ ಸಾಕು. ವಾಪಸ್ ಬರೋದಿಲ್ಲ."

*ಏನಾದ್ರೂ ಹೇಳಿ... 'ಯಾಕೆ' ಅಂತಾದ್ರೂ ಕೇಳಿ!*

"ಸರಿ ಟೀಚರ್. ಸಾಮಾನು ಎಷ್ಟಿರತ್ತೆ?"

ಅಷ್ಟೇ! ಸಂಜೆಯೊಳಗೆ ಸೀಟು, ಸಾಮಾನಿನ ಗಾಡಿ, ಇಳಿಯುವಲ್ಲಿ ಜನ ಎಲ್ಲ ಸಿದ್ಧವಾಗಿತ್ತು. ಅವಳ ಎದೆ ಕಲ್ಲಾಯಿತು. *ಸಾಗಹಾಕೋಕೆ ಇಷ್ಟು ಅವಸರವಾ? ತಪ್ಪಿನ ಋಣ ತೀರಿಸ್ತಿದ್ರಾ ಇಷ್ಟು ದಿನ? ನಾನು ಪೆದ್ದಿ... ಏನೇನೋ ಅಂದ್ಕೊಂಡೆ.*

ಹೊರಡುವ ದಿನ ಅವಳು ಅವನತ್ತ ಸರಿಯಾಗಿ ನೋಡಲೂ ಇಲ್ಲ. ಅವನು ರ‍್ಯಾಂಪ್ ಹಾಕಿದ, ಅವಳು ಹತ್ತಿದಳು, ಅವನು ಕುರ್ಚಿಗೆ ಪಟ್ಟಿ ಬಿಗಿದ.

"ಉಪಕಾರವಾಯ್ತು. ನಿಮ್ಮ ಭಾರ ಇಳೀತಲ್ಲ... ಇನ್ನು ಇಳೀರಿ, ರೈಲು ಹೊರಡತ್ತೆ."

ಅವನು ಇಳಿಯಲಿಲ್ಲ. ಹೊರಗಿದ್ದ ಸಹೋದ್ಯೋಗಿ ರ‍್ಯಾಂಪ್ ಎಳೆದುಕೊಂಡ. ರೈಲು ಅಲುಗಿತು.

"ಏನ್ರೀ ಇದು? ಇಳೀರಿ ಅಂದ್ನಲ್ಲ!"

"ನನಗೂ ಟಿಕೆಟ್ ಇದೆ."

ಅವನು ಎದುರು ಸೀಟಿನಲ್ಲಿ ಕುಕ್ಕರಿಸಿದ.

"ನೀವು ವಾಪಸ್ ಬರಲ್ಲ ಅಂದ್ರಲ್ಲ, ಆಗ ಕೆಲಸದ ಮಾತು ಬಿಟ್ಟು ಬೇರೇನಾದ್ರೂ ಆಡಿದ್ರೆ ಅತ್ತೇಬಿಡ್ತಿದ್ದೆ. ಚಿನ್ನು ಬಗ್ಗೆ ನೀವೇ ಎಷ್ಟು ಸಲ ಹೇಳಿದೀರಿ, ಅವಳಿಗೆ ನೀವು ಬೇಕು. ನಿಲ್ಲಿ ಅನ್ನೋಕೆ ನಾನ್ಯಾರು?"

ಅವಳು ಕಿಟಕಿಯತ್ತ ತಿರುಗಿದಳು. ಅವನು ಮುಂದುವರಿಸಿದ.

"ಆವತ್ತು ಪಾಳಿ ಶುರುವಾದಾಗ್ಲೇ ಲಿಫ್ಟ್ ನೋಡ್ಕೋಬೇಕಿತ್ತು. ನೋಡ್ಲಿಲ್ಲ. ಅದಕ್ಕೆ ಸಬೂಬಿಲ್ಲ. ನೀವು ಅಕ್ಕನಿಗೆ ಹೇಳಿದ ಮಾತು ಇವತ್ತಿಗೂ ನನ್ನ ಕಿವೀಲಿದೆ. ಕ್ಷಮೆ ಕೇಳೋಕೆ ಬಂದಿಲ್ಲ ಟೀಚರ್. ನೀವಂದ್ರೆ ನನಗೆ ಪ್ರಾಣ... ಅದನ್ನ ಹೇಳದೆ ಕಳಿಸೋಕಾಗ್ಲಿಲ್ಲ."

ಅವಳೊಳಗೆ ಎಷ್ಟೋ ತಿಂಗಳಿಂದ ಹೆಪ್ಪುಗಟ್ಟಿದ್ದದ್ದು ಒಮ್ಮೆಲೇ ಒಡೆಯಿತು.

"ನಾನು ಸುಳ್ಳು ಹೇಳಿ ಮಲಗಿಸಿದೆ ಕಣ್ರೀ ಅವಳನ್ನ... ಅವಳು ಕಾಯ್ತಿದ್ಲು! ನಿಜ ಹೇಳಿದ್ದಿದ್ರೆ ಇನ್ನೊಂದು ನಾಲ್ಕು ಮಾತಾದ್ರೂ ಆಡ್ತಿದ್ಲೇನೋ... ಈ ಮಾತನ್ನ ಯಾರಿಗೆ ಹೇಳ್ಲಿ? ಭಾವನಿಗೆ ಹೇಳ್ಲಾ? ಚಿನ್ನುಗೆ ಹೇಳ್ಲಾ?"

ಅಕ್ಕ ಹೋದ ಮೇಲೆ ಮೊದಲ ಸಲ ಅವಳು ಇನ್ನೊಬ್ಬರ ಮುಂದೆ ಬಿಕ್ಕಿ ಬಿಕ್ಕಿ ಅತ್ತಳು. ಅವನು ಎದ್ದು ಬಂದು ಪಕ್ಕದಲ್ಲಿ ಕೂತ. ಅವನ ಕಣ್ಣೂ ತುಂಬಿತ್ತು.

"ಅವರು ನೀವು ಬರ್ತಿದೀರಿ ಅಂದ್ಕೊಂಡೇ ಮಲಗಿದ್ರು" ಅಂದ. "ಅದೊಂದೇ ನನಗೆ ಗೊತ್ತಿರೋದು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ನಿಮ್ಮನ್ನ ಪೂರ್ತಿ ಕ್ಷಮಿಸೋಕೆ ನನ್ನ ಕೈಲಾಗಿಲ್ಲ. ಯಾವತ್ತಾದ್ರೂ ಆಗತ್ತೋ ಇಲ್ವೋ..."

"ಗೊತ್ತು."

"ಆದ್ರೂ ನೀವು ಫೋನಿಡೋ ಹೊತ್ತಿಗೆ ಸಂಕಟ ಆಗತ್ತೆ. ನಿಮ್ಮ ಮೇಲೆ ಸಿಟ್ಟು ಬಂದಾಗ್ಲೂ ಹೇಳ್ಕೊಳ್ಳೋಕೆ ನೀವೇ ನೆನಪಾಗ್ತೀರಿ. ಇದಕ್ಕೆ ಏನನ್ಬೇಕು ನೀವೇ ಹೇಳಿ."

ಅವನು ಅವಳ ಬೆರಳುಗಳ ಮೇಲೆ ತನ್ನ ಕೈ ಇಟ್ಟ. ಅವಳು ಎಳೆದುಕೊಳ್ಳಲಿಲ್ಲ.

"ಅಲ್ಲಿನ ಸ್ಟೇಷನ್ನಿಗೆ ವರ್ಗ ಕೇಳಿದೀನಿ" ಅಂದ ಮೆಲ್ಲಗೆ. "ಸಿಗತ್ತೋ ಇಲ್ವೋ ಗೊತ್ತಿಲ್ಲ. ಸಿಗದಿದ್ರೆ ರಜೆ ಸಿಕ್ಕಾಗಲೆಲ್ಲ ಬರ್ತೀನಿ."

ಹೊರಗೆ ಬಿಸಿಲು ಇಳಿಯುತ್ತಿತ್ತು. ರೈಲು ನಿಧಾನವಾಯಿತು.

"ಚಿನ್ನು ಕೇಳೇ ಕೇಳ್ತಾಳೆ, ಇವರ‍್ಯಾರು ಅಂತ. ಏನು ಹೇಳ್ಲಿ?"

"ಏನು ಹೇಳ್ಬೇಕು ಅನ್ಸತ್ತೆ ನಿಮಗೆ?"

"ಇವತ್ತಿಗೆ ಸ್ನೇಹಿತರು ಅಂತೀನಿ."

"ನಾಳೆಗೆ?"

ಅವಳು ಒದ್ದೆ ಕಣ್ಣುಗಳಿಂದ ಅವನನ್ನೇ ನೋಡಿದಳು.

"ನಾಳೆ ಇರ್ತೀರಾ?"

"ಇರ್ತೀನಿ."