ಮೊದಲು ಈ ನಂಬರಿಗೆ

ಸೆಪ್ಟೆಂಬರ್ 25, ಬುಧವಾರ. ಬೆಳಿಗ್ಗೆ 10.40ಕ್ಕೆ ಒಹಾಯೊ ರಾಜ್ಯದ ಪೋರ್ಟ್ ಹಾರ್ಮನ್ ನಗರದ ಮೂರನೇ ವಲಯ ಠಾಣೆಗೆ ಫೋನ್ ಮಾಡಿದವರು ವರ್ಡೀ ಸ್ವಾನ್. ವಯಸ್ಸು ಅರವತ್ತೆಂಟು. ಕೆಲಸ, ಹೆಂಗಸರಿಗೆ ಜಡೆ ಹೆಣೆಯುವುದು. ಊರಿನ ಅರ್ಧದಷ್ಟು ಕಪ್ಪು ಹೆಂಗಸರ ತಲೆ ಅವರ ಕೈಯಲ್ಲಿ ಹಾದುಹೋಗಿದೆ. ಕರೆ ಸ್ವೀಕರಿಸಿದ ಡಿಟೆಕ್ಟಿವ್ ಡೆಲ್ಫೀನ್ ಮೇಬ್ರಿಯವರದೂ ಅದರಲ್ಲಿ ಸೇರಿತ್ತು.

"ಡೆಲ್ಫೀನ್, ನಾನು ಗಿರಾಕಿಗಳ ಮನೆ ವಿಷಯ ಹೊರಗೆ ಆಡೋಳಲ್ಲ. ನಿಂಗೊತ್ತು."

"ಗೊತ್ತು ಮಿಸ್ ವರ್ಡೀ. ಹೇಳಿ."

"ರೆನೀಟ ಕೋಲ್‌ಕ್ವಿಟ್ ಈಗ ತಾನೇ ಎದ್ದು ಹೋದ್ಲು. ವಿಗ್ ಬೇಕು ಅಂದ್ಲು. ಸ್ಕಾರ್ಫ್ ಬಿಚ್ಚಿದ್ರೆ, ಎಡಗಿವಿ ಮೇಲೆ ಅಂಗೈಯಷ್ಟು ಜಾಗದಲ್ಲಿ ಕೂದಲೇ ಇಲ್ಲ. ಕತ್ತರಿಸಿದ್ದಲ್ಲ, ಕಿತ್ತಿದ್ದು. ಪಕ್ಕದಲ್ಲೇ ಒಂಬತ್ತು ಹೊಲಿಗೆ."

"ಏನಾಯ್ತು ಅಂದ್ಲು?"

"ಬಚ್ಚಲಲ್ಲಿ ಜಾರಿ ಬಿದ್ದೆ ಅಂದ್ಲು. ಬಚ್ಚಲು ಯಾರ ಕೂದಲನ್ನೂ ಹಿಡ್ಕೊಂಡು ಎಳೆಯಲ್ಲ, ಮಗಳೇ."

ರೆನೀಟಳ ಗಂಡ ಮಾರ್ಕ್ವೆಲ್ ಕೋಲ್‌ಕ್ವಿಟ್, ಇಪ್ಪತ್ತೇಳು ವರ್ಷ, ನಗರದ ಅಮೆರಿಕನ್ ಫುಟ್‌ಬಾಲ್ ತಂಡ ಹೆರನ್ಸ್‌ನ ರಕ್ಷಣಾ ಆಟಗಾರ. ಹೆಸರು ಕೇಳಿದ ಪೇದೆ ಕಾಲ್ ಪ್ರೂಯಿಟ್ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದ.

"ಐವತ್ತೈದನೇ ನಂಬರಾ? ನನ್ನ ಮಗನ ಅಂಗಿ ಮೇಲೆ ಅವನ ಹೆಸರೇ ಇರೋದು, ಮೇಡಂ."

"ಒಗೆಯೋಕೆ ಹಾಕು," ಎಂದು ಮೇಬ್ರಿ ಕಾರಿನ ಕೀಲಿ ಎತ್ತಿಕೊಂಡರು.

ಹೊರಡುವ ಮುಂಚೆ ಎರಡು ವಿಚಾರಗಳು ಖಚಿತವಾದವು. ಕೋಲ್‌ಕ್ವಿಟ್ ಮನೆಯಿಂದ ಎರಡು ವರ್ಷದಲ್ಲಿ ತುರ್ತು ನಂಬರು 911ಕ್ಕೆ ಒಂದೂ ಕರೆ ಬಂದಿರಲಿಲ್ಲ. ಊರಿನ ಯಾವ ಆಸ್ಪತ್ರೆಯಲ್ಲೂ ಆ ವಾರ ರೆನೀಟಳ ಹೆಸರಿನಲ್ಲಿ ಚಿಕಿತ್ಸೆ ನಡೆದಿರಲಿಲ್ಲ. ಆದರೆ ಒಂಬತ್ತು ಹೊಲಿಗೆಯನ್ನು ಯಾರೋ ಹಾಕಿದ್ದರು.

12.15ಕ್ಕೆ ರೆನೀಟ ಬಾಗಿಲು ತೆರೆದಳು. ಸ್ಕಾರ್ಫನ್ನು ಹಣೆಯವರೆಗೂ ಎಳೆದು ಕಟ್ಟಿದ್ದಳು. ಅಡುಗೆಮನೆಯ ಮೇಜಿನ ಬಳಿ ಇಬ್ಬರೂ ಕೂತರು.

"ಹೊಲಿಗೆ ಎಲ್ಲಿ ಹಾಕಿಸಿದ್ರಿ?"

"ಮನೇಲೇ."

"ಹಾಕಿದ್ದು ಯಾರು?"

ಆಕೆಯ ಕಣ್ಣು ಒಂದು ಕ್ಷಣ ಫ್ರಿಜ್ ಕಡೆ ಹೋಗಿ ಬಂತು. ಅಲ್ಲಿ ತಂಡದ ಕೊಕ್ಕರೆ ಚಿಹ್ನೆಯ ಒಂದು ಕಾರ್ಡು ಅಂಟಿಸಿತ್ತು. 'ಕುಟುಂಬದವರ ಗಮನಕ್ಕೆ: ಮನೆಯಲ್ಲಿ ಏನೇ ತೊಂದರೆಯಾದರೂ ಮೊದಲು ಈ ನಂಬರಿಗೆ.' ಕೆಳಗೆ ಕ್ಲೈಡ್ ರಸ್ಕ್, ಭದ್ರತಾ ಮುಖ್ಯಸ್ಥ, ಎಂದಿತ್ತು.

ಪ್ರತಿ ಜುಲೈ, ತರಬೇತಿ ಶಿಬಿರದ ಮೊದಲ ದಿನ, ಆಟಗಾರರ ಹೆಂಡತಿಯರನ್ನೆಲ್ಲ ಊಟಕ್ಕೆ ಕರೆದು ಈ ಕಾರ್ಡು ಕೊಡುತ್ತಾರೆ. ಕಾರು ಕೆಟ್ಟರೂ ಇದೇ ನಂಬರು, ನಲ್ಲಿ ಒಡೆದರೂ ಇದೇ. ಹೊಸದಾಗಿ ಬಂದವರಿಗೆ ಹಳಬರೇ ಹೇಳಿಕೊಡುತ್ತಾರೆ: 911 ಹೊರಗಿನವರಿಗೆ, ಇದು ನಮಗೆ.

"ಗಾಯ ಆದಾಗ ಈ ನಂಬರಿಗೆ ಮಾಡಿದ್ರಾ?"

"ಮೇಡಂ, ನೀವು ಕೇಸು ಹಾಕಿದ್ರೆ ಅವನನ್ನ ಆಟದಿಂದ ಕೂರಿಸ್ತಾರೆ. ಕೂರಿಸಿದ್ರೆ ಅವನು ಎಲ್ಲಿರ್ತಾನೆ? ಇಲ್ಲಿ. ಬೆಳಗಿಂದ ಸಂಜೆವರೆಗೂ ಇಲ್ಲೇ. ಈಗ ನಂಗೆ ಹಗಲು ಹೊತ್ತಾದ್ರೂ ನಂದು ಅಂತ ಇದೆ."

"ಇನ್ನೊಂದು ಸಲ ಹೊಲಿಗೆ ಹಾಕಿದ್ರೂ ನೀವು ಉಳೀದೆ ಹೋದ್ರೆ?"

"ಅದನ್ನ ನೀವು ಹೇಳ್ಬೇಕಾ?" ಎಂದಳು ರೆನೀಟ. ಮೇಬ್ರಿ ಮುಂದಿಟ್ಟಿದ್ದ ದೂರಿನ ಹಾಳೆಯನ್ನು ಓದದೆ, ಬೆರಳ ತುದಿಯಿಂದ ಮೇಜಿನಾಚೆ ಸರಿಸಿದಳು.

ಆಕೆಯ ಸಹಿ ಇಲ್ಲದೆಯೂ ಕಾನೂನಿನಂತೆ ಬಂಧಿಸಬಹುದಿತ್ತು. ಆದರೆ ನ್ಯಾಯಾಲಯದಲ್ಲಿ ನಿಲ್ಲುವ ಸಾಕ್ಷ್ಯ ಬೇಕಿತ್ತು.

ಕ್ಲೈಡ್ ರಸ್ಕ್ ನಾಲ್ಕು ವರ್ಷದ ಹಿಂದೆ ಪೊಲೀಸ್ ಇಲಾಖೆ ಬಿಟ್ಟವನು. ಅದಕ್ಕೂ ಮೊದಲಿನ ಹನ್ನೊಂದು ವರ್ಷ ಮೇಬ್ರಿಯವರ ಜೊತೆ ಒಂದೇ ಗಾಡಿಯಲ್ಲಿ ಗಸ್ತು ತಿರುಗಿದ್ದ. ಮಧ್ಯಾಹ್ನ ಮೂರಕ್ಕೆ ತಂಡದ ಕಚೇರಿಯಲ್ಲಿ ಸಿಕ್ಕಾಗ ಕಾಫಿ ತರಿಸಿದ, ಮಂಡಿನೋವು ವಿಚಾರಿಸಿದ. ಕೋಲ್‌ಕ್ವಿಟ್ ಮನೆಯಿಂದ ಯಾವ ಕರೆಯೂ ಬಂದಿಲ್ಲ ಎಂದ. ಮೇಬ್ರಿ ವಾದ ಮಾಡಲಿಲ್ಲ. ಈ ಮನುಷ್ಯ ಬರೆಯದೆ ಇರಲಾರ ಎಂಬುದು ಅವರಿಗೆ ಗೊತ್ತಿತ್ತು. ಕಳೆದುಹೋದ ನಾಯಿಯ ದೂರನ್ನೂ ನಿಮಿಷ ಸಮೇತ ಬರೆದುಕೊಳ್ಳುತ್ತಿದ್ದವನು ಅವನು. ಮೇಜಿನ ಮೇಲೆ ಇಲಾಖೆಯಲ್ಲಿ ಬಳಸುತ್ತಿದ್ದಂಥದೇ ಕಂದು ರಟ್ಟಿನ ಪುಸ್ತಕವಿತ್ತು.

ಗುರುವಾರ ಬೆಳಿಗ್ಗೆ 9.30ಕ್ಕೆ ನ್ಯಾಯಾಧೀಶರಿಂದ ಶೋಧನಾ ವಾರಂಟ್ ಸಿಕ್ಕಿತು. 11.10ಕ್ಕೆ ತಂಡದ ವಕೀಲರ ಆಕ್ಷೇಪಣೆಯನ್ನು ದಾಖಲಿಸಿಕೊಂಡು, ಅವರ ಎದುರಿನಲ್ಲೇ ಮಹಜರು ಬರೆದು, ಪುಸ್ತಕವನ್ನು ವಶಪಡಿಸಿಕೊಳ್ಳಲಾಯಿತು. ಪ್ರೂಯಿಟ್ ಕೊನೆಯ ಪುಟವನ್ನು ಓದಿದ.

"ಸೆಪ್ಟೆಂಬರ್ 23, ಸೋಮವಾರ, ಸಂಜೆ 5.52. ರೆನೀಟ ಕೋಲ್‌ಕ್ವಿಟ್ ಕರೆ. ಅವಳ ಮಾತು: 'ಬೇಗ ಬನ್ನಿ, ಕೂದಲು ಅವನ ಕೈಯಲ್ಲೇ ಇದೆ, ರಕ್ತ ನಿಲ್ತಿಲ್ಲ.' 6.10ಕ್ಕೆ ತಲುಪಿದೆ. 6.40ಕ್ಕೆ ತಂಡದ ವೈದ್ಯರು ಬಂದರು. ಒಂಬತ್ತು ಹೊಲಿಗೆ. ಫೋಟೋ ನಾಲ್ಕು. ಗಂಡನನ್ನು ಹೋಟೆಲಿಗೆ ಬಿಟ್ಟೆ."

ಹಿಂದಿನ ಹದಿನಾಲ್ಕು ತಿಂಗಳಲ್ಲಿ ಇಂಥವೇ ಇನ್ನೂ ಮೂರು ನಮೂದುಗಳಿದ್ದವು. ಮೇಬ್ರಿ ರಸ್ಕ್ ಒಬ್ಬನನ್ನು ಬಿಟ್ಟು ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು.

"ಇಂಥದ್ದನ್ನ ಫುಟ್‌ಬಾಲ್ ಲೀಗ್‌ಗೆ ತಿಳಿಸ್ಬೇಕು ಅಂತ ನಿಯಮ ಇದೆ, ಕ್ಲೈಡ್."

"ತಂಡದ ವಕೀಲರಿಗೆ ಕೊಟ್ಟೆ. ಮುಂದಕ್ಕೆ ಕಳಿಸ್ತಾರೆ ಅಂದ್ಕೊಂಡೆ."

"ನಾಲ್ಕು ಸಲವೂ ಅಂದ್ಕೊಂಡ್ಯಾ?"

ರಸ್ಕ್ ಮುಖ ಒರೆಸಿಕೊಂಡ. "ಪ್ರತಿ ಸಲ ಇಪ್ಪತ್ತು ನಿಮಿಷದೊಳಗೆ ತಲುಪಿದೀನಿ ಕಣೇ ಡೆಲ್. ನಮ್ಮ ಗಾಡಿ ಯಾವತ್ತಾದ್ರೂ ಅಷ್ಟು ಬೇಗ ಹೋಗಿತ್ತಾ?"

ಹೋಗಿರಲಿಲ್ಲ. ಮೇಬ್ರಿ ಪುಸ್ತಕವನ್ನು ಅವನ ಕಡೆ ತಿರುಗಿಸಿದರು.

"ಮುಚ್ಚಿಡೋನು ಯಾಕೆ ಬರೆದಿಟ್ಟೆ?"

"ಒಂದಿನ ಯಾರಾದ್ರೂ ಬಂದು ಕೇಳ್ತಾರೆ ಅಂತ," ಎಂದ ರಸ್ಕ್. "ಅದು ನೀನೇ ಆಗ್ತೀಯ ಅಂತ ಗೊತ್ತಿರ್ಲಿಲ್ಲ."

ಶುಕ್ರವಾರ, 27ರ ಬೆಳಿಗ್ಗೆ 11.20ಕ್ಕೆ ಅಭ್ಯಾಸದ ಮೈದಾನದ ಅಂಚಿನಲ್ಲಿ ಮಾರ್ಕ್ವೆಲ್ ಕೋಲ್‌ಕ್ವಿಟ್‌ನ ಬಂಧನವಾಯಿತು. ತರಬೇತುದಾರ ಟೋಪಿ ತೆಗೆದು ಹತ್ತಿರ ಬಂದ.

"ಭಾನುವಾರದ ಆಟ ಮುಗೀಲಿ. ಸೋಮವಾರ ನಾನೇ ಕರ್ಕೊಂಡು ಬರ್ತೀನಿ."

"ಸೋಮವಾರದವರೆಗೆ ಕಾಯಲ್ಲ," ಎಂದರು ಮೇಬ್ರಿ.

ಕೋಲ್‌ಕ್ವಿಟ್‌ನ ಎರಡು ಕೈಗಳು ಬೆನ್ನ ಹಿಂದೆ ಒಂದಕ್ಕೊಂದು ಎಟುಕಲಿಲ್ಲ. ಪ್ರೂಯಿಟ್ ಎರಡು ಜೊತೆ ಬೇಡಿಗಳನ್ನು ಸರಪಳಿಯಂತೆ ಸೇರಿಸಿ ತೊಡಿಸಬೇಕಾಯಿತು. ಉಳಿದ ಆಟಗಾರರು ನೆಲ ನೋಡುತ್ತಾ ನಿಂತಿದ್ದರು.

2.05ಕ್ಕೆ ವಿಚಾರಣೆ. ಬಾಯಿ ಬಿಡಬೇಡ ಎಂದು ವಕೀಲ ಹೇಳಿದರೂ ಕೋಲ್‌ಕ್ವಿಟ್ ಮಾತಾಡಿದ. ಮೇಬ್ರಿ ಪುಸ್ತಕದ ನಾಲ್ಕು ನಮೂದುಗಳನ್ನು ಮುಂದಿಟ್ಟರು. ನಾಲ್ಕೂ ಸೋಮವಾರ ಸಂಜೆಯವು.

"ಸೋಮವಾರ ಏನಿರುತ್ತೆ?"

"ಫಿಲ್ಮು."

"ಅಂದ್ರೆ?"

"ಹಿಂದಿನ ದಿನದ ಆಟವನ್ನ ಪರದೆ ಮೇಲೆ ಹಾಕ್ತಾರೆ. ಐವತ್ತು ಜನರ ಎದುರಿಗೆ. ನಾನು ತಪ್ಪಿದ್ದನ್ನ, ಬಿದ್ದಿದ್ದನ್ನ ಹಿಂದೆ ಮುಂದೆ ಓಡಿಸ್ತಾರೆ. ಹತ್ತು ಸಲ. ಎಲ್ರೂ ನಗ್ತಾರೆ. ಬಾಯಿ ಬಿಡೋ ಹಾಗಿಲ್ಲ. ಬಿಟ್ರೆ ಮುಂದಿನ ವಾರ ನನ್ನ ಜಾಗದಲ್ಲಿ ಇನ್ನೊಬ್ಬ."

"ಆಮೇಲೆ ಮನೆಗೆ ಹೋಗ್ತೀಯ."

"ಹೋಗ್ತೀನಿ. ಅವಳು ಕೇಳ್ತಾಳೆ."

"ಏನು ಕೇಳ್ತಾಳೆ?"

ಅವನು ಆಟಕ್ಕೆಂದು ಪಟ್ಟಿ ಸುತ್ತಿದ್ದ ತನ್ನ ಬೆರಳುಗಳನ್ನು ನೋಡಿಕೊಂಡ. "ಹೇಗಿತ್ತು ಇವತ್ತು, ಅಂತ. ಅಷ್ಟೇ, ಮೇಡಂ."

ಮೇಬ್ರಿ ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಇದಕ್ಕಿಂತ ಸಣ್ಣ ಕಾರಣವನ್ನು ಅವರು ಯಾವ ಹೇಳಿಕೆಯಲ್ಲೂ ಬರೆದಿರಲಿಲ್ಲ.

ಮೂರನೇ ದಿನ ಅವನಿಗೆ ಜಾಮೀನು ಸಿಕ್ಕಿತು. ಹೆಂಡತಿಯ ಹತ್ತಿರ ಸುಳಿಯಬಾರದೆಂದು ನ್ಯಾಯಾಲಯ ಆದೇಶಿಸಿತು. ರಸ್ಕ್ ಮತ್ತು ತಂಡದ ವೈದ್ಯರ ವಿರುದ್ಧದ ಕಡತ ಸರ್ಕಾರಿ ವಕೀಲರ ಮೇಜಿಗೆ ಹೋಯಿತು. ಪುಸ್ತಕದ ಪ್ರತಿ ಕೇಳಿದ್ದ, ಎಲ್ಲ ತಂಡಗಳ ಆಡಳಿತ ಸಂಸ್ಥೆಯಾದ ಲೀಗ್ ತನ್ನದೇ ವಿಚಾರಣೆ ನಡೆಸಿ, ಅಕ್ಟೋಬರ್ 11ರಂದು ತೀರ್ಮಾನ ಪ್ರಕಟಿಸಿತು: ಆರು ಪಂದ್ಯಗಳ ಅಮಾನತು.

ಮರುದಿನ ಮೇಬ್ರಿ ಲೀಗ್ ತೀರ್ಮಾನದ ಪ್ರತಿ ಹಿಡಿದು ರೆನೀಟಳ ಮನೆಗೆ ಹೋದರು. ಹಜಾರದಲ್ಲಿ ಅರ್ಧ ತುಂಬಿದ ಪೆಟ್ಟಿಗೆಗಳಿದ್ದವು. ಹೊಲಿಗೆ ಬಿಚ್ಚಿದ ಗುರುತಿನ ಸುತ್ತ ಹೊಸ ಕೂದಲು ಮೊಳೆತಿತ್ತು.

"ಆರು ಅಂದ್ರೆ ಯಾವತ್ತಿಗೆ ಮುಗಿಯುತ್ತೆ?"

"ನವೆಂಬರ್ 17."

"ಕೋರ್ಟಲ್ಲಿ ಕೇಸು?"

"ಫೆಬ್ರವರಿಗೆ ಬರುತ್ತೆ."

ರೆನೀಟ ಕಾಗದವನ್ನು ಮಡಿಸಿದಳು. "ನಿನ್ನೆ ಅಂಗಡೀಲಿ ಒಬ್ಬ ಯಜಮಾನ್ರು, ನಮ್ಮಪ್ಪನ ವಯಸ್ಸು, ಸಾಮಾನು ತುಂಬೋ ನನ್ನ ತಳ್ಳುಗಾಡಿಗೆ ಅವರದ್ದನ್ನ ಅಡ್ಡ ಇಟ್ರು. 'ಭಾನುವಾರ ಸೋತಿದ್ದು ನಿನ್ನಿಂದ ಕಣಮ್ಮ' ಅಂದ್ರು. ಬೈದು ಹೇಳ್ಲಿಲ್ಲ. ಬೇಜಾರಲ್ಲಿ ಹೇಳಿದ್ರು." ಮಡಿಸಿದ ಕಾಗದವನ್ನು ಒಂದು ಪೆಟ್ಟಿಗೆಯೊಳಗೆ ಹಾಕಿದಳು. "ಮೇಡಂ, ಜನ ಫುಟ್‌ಬಾಲ್ ನೋಡದ ಊರು ಯಾವುದಾದ್ರೂ ಗೊತ್ತಾ ನಿಮಗೆ?"

ಮೇಬ್ರಿ ನಿಜವಾಗಿಯೂ ಯೋಚಿಸಿದರು. ಅಕ್ಕ ಇದ್ದ ಅಲಬಾಮ, ಸೋದರಳಿಯನಿದ್ದ ಟೆಕ್ಸಸ್, ತಾವು ಹುಟ್ಟಿದ ಈ ಒಹಾಯೊ, ಕೆಲಸದ ಮೇಲೆ ಹೋಗಿ ಬಂದ ಒಂದೊಂದೇ ಪಟ್ಟಣ. ಎಲ್ಲ ಕಡೆಯೂ ಭಾನುವಾರ ಮಧ್ಯಾಹ್ನ ಪ್ರತಿ ಮನೆಯ ಟಿವಿಯ ಮುಂದೆ ಜನ ಕೂತಿದ್ದರು.

"ವಿಚಾರಿಸಿ ಹೇಳ್ತೀನಿ," ಎಂದರು.