ಸೊನ್ನೆ ನಂಬರಿನ ನೋಟು

"ನಂಬರಿನ ಜಾಗದಾಗ ಬರೀ ಸೊನ್ನಿ! ಮ್ಯಾಲೆ ತೂತು ಬ್ಯಾರೆ! ನನ್ನ ಮಗಳ ಬೆಲಿ ಇಷ್ಟೇನು?"

ಅಂದಾನಪ್ಪನ ಕೂಗಿಗೆ ಗುಡ್ನಾಪುರದ ಆ ಪಡಸಾಲೆಯಲ್ಲಿ ಕೂತಿದ್ದ ಗಂಡಿನ ಕಡೆಯವರು ತಿಂಡಿ ತಟ್ಟೆ ಕೆಳಗಿಟ್ಟರು.

ಹೆಣ್ಣು ನೋಡಿ ಒಪ್ಪಿದವರು ಹುಡುಗಿಯ ಕೈಗೆ ನೋಟು ಇಡುವುದು ರೂಢಿ. ಶಿರಸಿಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದ ಸದಾಶಿವ ಹಿರಿಯರಿಗೂ ಕಾಯದೆ ತಾನೇ ಮಹೇಶ್ವರಿಯ ಕೈಗೆ ಇಟ್ಟಿದ್ದ. ಎರಡೂ ಕೈಯಲ್ಲಿ ಜೋಪಾನವಾಗಿ ಹಿಡಿದು ಇಟ್ಟಿದ್ದ. ಅವಳಿಗೆ ಅದು ಇಷ್ಟವಾಗಿತ್ತು... ನೋಟು ನೋಡುವವರೆಗೆ!

"ಯಜಮಾನ್ರ, ಅದು ಹಂಗಲ್ಲ..." ಸದಾಶಿವ ತಡವರಿಸಿದ.

"ಎದ್ದೇಳ್ರಿ ಮೊದ್ಲ!"

ಹದಿನೈದೇ ದಿನದಲ್ಲಿ ಯಲ್ಲಾಪುರದ ಮಿಲ್ ಮಾಲೀಕನ ಜೊತೆ ಮಾತು ಮುಗಿಯಿತು. ನಲವತ್ತು ದಾಟಿದವ. ಮದುವೆಯಾದ ಮೇಲೆ ಅವಳು ಬಟ್ಟೆ ಹೊಲಿದು ದುಡಿಯುವುದು ಬೇಡ, ಹೊಸ್ತಿಲು ದಾಟುವುದೂ ಬೇಡ ಎಂದಿದ್ದ. ಅಪ್ಪ ಅವಳ ಫೋನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ.

'ಯಾರೂ ನನ್ನನ್ನು ಕೇಳಲೇ ಇಲ್ಲವಲ್ಲ...' ಮಹೇಶ್ವರಿ ಹೊಲಿಗೆ ಮಷಿನ್ನಿಗೆ ಬಟ್ಟೆ ಮುಚ್ಚಿದಳು.

ನಿಶ್ಚಯದ ಸೀರೆ ತರಲು ಸೋದರತ್ತೆ ಪಾರ್ವತವ್ವನ ಜೊತೆ ಶಿರಸಿಗೆ ಬಂದಳು. ಅತ್ತೆ ಸೀರೆಯ ಅಂಚು ಹಿಡಿದು ಚೌಕಾಸಿಗೆ ನಿಂತಾಗ ಮೆಲ್ಲನೆ ಜಾರಿಕೊಂಡಳು. ತನ್ನ ಬಳಿಯೇ ಉಳಿದಿದ್ದ ಆ ನೋಟನ್ನು ಸದಾಶಿವನ ಮುಖಕ್ಕೇ ಎಸೆಯಬೇಕೆಂದು ಅವನ ಗಡಿಯಾರದ ಅಂಗಡಿಗೆ ನಡೆದಳು!

"ತಗೋರಿ ನಿಮ್ಮ ತೂತು ನೋಟು!"

ಸದಾಶಿವ ಒಂದು ಆಲ್ಬಮ್ ತೆರೆದ. ಜಾವಾದ್ದು, ಪಾಂಡಿಚೇರಿಯದು, ಆಫ್ರಿಕಾದ್ದು... ಪರಂಗಿಯವರು ಆಳಿದ ಸೀಮೆಗಳ ಮಾದರಿ ನೋಟುಗಳು, ಒಂದೊಂದೂ ಪ್ಲಾಸ್ಟಿಕ್ ಕವರಿನಲ್ಲಿ. ಗೋವಾದ ಕವರು ಮಾತ್ರ ಖಾಲಿ; ಅವಳು ತಂದ ನೋಟು ಅಲ್ಲಿಯದೇ.

"ಹೊಸಾ ನೋಟು ಹೆಂಗಿರ್ತದಂತ ಬ್ಯಾಂಕಿನವ್ರಿಗೆ ತೋರ್ಸಾಕ ಇವನ್ನ ಕಳಸ್ತಿದ್ರು. ಯಾರೂ ಖರ್ಚು ಮಾಡಬಾರದಂತ ಸೊನ್ನಿ, ತೂತು. ಖರ್ಚಾಗೂ ನೋಟು ಎಲ್ಲಾರೂ ಕೊಡ್ತಾರ... ಇದನ್ನ ನಾ ಹನ್ನೊಂದು ವರ್ಷ ಹುಡುಕಿದ್ದೆ."

"ಅಯ್ಯ! ಬಾಯಿ ಬಿಟ್ಟು ಹೇಳಬಾರದಿತ್ತೇನ್ರೀ?"

"ತಪ್ಪಾತು. ಮಂದಿ ಮುಂದ ನಂಗ ಮಾತು ಬರಂಗಿಲ್ಲ. ಆಮ್ಯಾಲೆ ಎರಡು ಸಲ ಬಂದೆ. ನಿಮ್ಮಪ್ಪ ಗೇಟೇ ತೆರೀಲಿಲ್ಲ."

ಸಿಟ್ಟು ಕರಗಿತು. ಆದರೆ ಕಣ್ಣು ಆ ಕವರುಗಳ ಮೇಲೇ ನಿಂತಿತು. ಒಂದು ಬೋನಿನಿಂದ ಹಾರಿ ಇನ್ನೊಂದಕ್ಕೆ ಬೀಳುವಷ್ಟು ದಡ್ಡಿಯಲ್ಲ ಅವಳು.

"ನನ್ನೂ ಹಿಂಗ ಕವರಿನಾಗ ಇಡ್ತೀರೇನು?"

ಅವನು ಆಲ್ಬಮ್ ಮುಚ್ಚಿದ.

"ಚಲೋ ಹೊಲಿತೀರಂತ ಅವತ್ತ ನಿಮ್ಮ ಮನ್ಯಾಗ ಹೇಳಿದ್ರು. ಮಷಿನ್ ಇಡಾಕ ಈ ಬಾಗಿಲ ಬಾಜೂ ಸಾಕಾಗ್ತದೇನ್ ನೋಡ್ರಿ. ಬೆಳಕು ಇಲ್ಲೇ ಜಾಸ್ತಿ."

ಅವಳು ಬಾಗಿಲ ಪಕ್ಕ ನಿಂತು ಮೊಳ ಹಾಕಿ ಜಾಗ ಅಳೆದಳು.

"ಏ ಮಹೇಶಿ! ಪ್ಯಾಟಿಯೆಲ್ಲಾ ಹುಡುಕ್ಸಿದ್ಯಲ್ಲ!" ಬಾಗಿಲಲ್ಲಿ ಪಾರ್ವತವ್ವ! ಇಬ್ಬರನ್ನೂ ನೋಡಿದಳು. ದನಿ ತಗ್ಗಿತು. "ಖರೇ ಹೇಳು. ನಿಂಗ ಈ ತೂತು ನೋಟಿನವನ ಬೇಕೇನ?"

ಮೊದಲ ಸಲ ಯಾರೋ ಕೇಳಿದ್ದರು!

"ಹೂಂ ಅತ್ತಿ. ಇವ್ರ ಬೇಕು."

"ಸೀರಿ ಅಂತೂ ತಗೊಂಡೀನಿ. ಯಾರ ಸಲುವಾಗಿ ಆದ್ರೇನು, ಉಡಾಕಿ ನೀನ. ಆದ್ರ ನಿಮ್ಮಪ್ಪಗ ನಾ ಹೇಳಂಗಿಲ್ಲವಾ... ನೀನ ಹೇಳಬೇಕು."

"ಇವತ್ತ ಹೇಳ್ತೀನಿ." ಮಹೇಶ್ವರಿ ಸದಾಶಿವನತ್ತ ತಿರುಗಿದಳು. "ನೀವೂ ಬರ್ತೀರೇನು?"

ಸದಾಶಿವ ಶಟರ್ ಎಳೆದ.

"ಬಸ್ಸಿನಾಗ ನಿಮ್ಮ ಬಾಜೂ ಕೂಡ್ಲಾ?"

"ಕೂಡ್ರಿ... ಕಿಟಕಿ ಮಾತ್ರ ನಂದು!"